ಖಾಲಿ ಬಿಟ್ಟ ಪೆಟ್ಟು

"ಇನ್ನೊಮ್ಮೆ ಹಚ್ಚರಿ," ಎಂದಳು ಶಾಂಭವಿ.

ಯಂತ್ರದ ಮುಂದೆ ಕೂತಿದ್ದ ಅಮೋಲ್ ಗುಂಡಿ ಒತ್ತಿದ. ಹಿಮಾಯತ್‌ನಗರದ ಸೀರೆ ಅಂಗಡಿಯ ಮೇಲಿನ ಆ ಪುಟ್ಟ ಸ್ಟುಡಿಯೋದಲ್ಲಿ, ಸತ್ತಳೆಂದು ಜನವೆಲ್ಲ ಅತ್ತು ಮುಗಿಸಿದ್ದ ಹೆಂಗಸಿನ ದನಿ ಮತ್ತೆ ಎದ್ದು ನಿಂತಿತು.

ಹಚ್ಚಿದ ಕೈ ಇನ್ನಾ ಬೆಚ್ಚಗೈತೋ ಗುರುವೇ, ಹಣತಿ ಆರಿತೋ…

ಪಲ್ಲವಿಯ ಕೊನೆಗೆ ದನಿ ನಿಂತಿತು. ಜೊತೆಗಿದ್ದ ಏಕತಾರಿಯೂ ನಿಂತಿತು. ಆ ಬಿಡುವಿನಲ್ಲಿ ದಮ್ಮಡಿಯ ಚರ್ಮದ ಮೇಲೆ ಬೆರಳು ಬಿದ್ದ ಒಂದೇ ಪೆಟ್ಟು, ಅದರ ಬೆನ್ನಿಗೇ ತಾಳದ ಒಂದೇ ಒಂದು 'ಕಿಣ್'. ಆಮೇಲೆ ಹಾಡು ಮುಂದೆ ನಡೆಯಿತು.

ಆ ದನಿಯ ಗದಿಗೆಮ್ಮನ ಮಗಳು ಉಮಾಶ್ರೀ ಗೋಡೆಗೆ ಒರಗಿ ಕೂತಿದ್ದಳು. ತಾಳದ ಸದ್ದು ಬಂದಾಗಲೆಲ್ಲ ಮಡಿಲಿನಲ್ಲಿದ್ದ ಅವಳ ಬಲಗೈ ತಾನಾಗಿಯೇ ಮಿಡುಕುತ್ತಿತ್ತು.

"ಆ ತಾಳ ನಂದು ಐತ್ರಿ ಅಕ್ಕಾರ," ಎಂದಳು. "ನನ್ನ ಕೈ ನನಗ ಗೊತ್ತಾಗತೈತಿ. ಆದರ ಈ ಹಾಡು ನಾ ಎಂದೂ ಕೇಳಿಲ್ಲ."

ಶಾಂಭವಿಯನ್ನು ಈ ಕೋಣೆಯವರೆಗೆ ಎಳೆದು ತಂದಿದ್ದೇ ಆ ಮಾತು. ಪೊಲೀಸ್ ಕೆಲಸ ಬಿಟ್ಟು ಇದೇ ಬೀದಿಯ ಔಷಧಿ ಅಂಗಡಿಯ ಮೇಲೆ ಪತ್ತೇದಾರಿಯ ಬೋರ್ಡು ಹಾಕಿಕೊಂಡ ಮೇಲೆ ಅವಳು ಬಗೆಬಗೆಯ ಸಾಕ್ಷಿಗಳನ್ನು ಕಂಡಿದ್ದಳು. ತಾನು ಬಾರಿಸಿದ ತಾಳ ತಾನು ಕೇಳದ ಹಾಡಿನೊಳಗೆ ಕೂತಿದೆ ಎಂದು ಹೇಳಿದವರು ಯಾರೂ ಇರಲಿಲ್ಲ.

ಹೋದ ಶ್ರಾವಣದಲ್ಲಿ ಗಂಡಿಪೇಟೆ ಕೆರೆಯ ದಂಡೆಯ ಮೇಲೆ ಗದಿಗೆಮ್ಮನ ಚಪ್ಪಲಿ, ಮಡಿಚಿಟ್ಟ ಶಾಲು ಸಿಕ್ಕಿದ್ದವು. ಗದಿಗೆಮ್ಮ ಸಿಕ್ಕಿರಲಿಲ್ಲ.

ಈಗ ವರ್ಷ ತುಂಬುತ್ತಿತ್ತು. ನಾಳೆ ಬೆಳಿಗ್ಗೆ ಕನ್ನಡದವರ ಸಭಾಭವನವೊಂದರಲ್ಲಿ ಮೊದಲ ಪುಣ್ಯಸ್ಮರಣೆ; ಅದೇ ವೇದಿಕೆಯಲ್ಲಿ 'ಗದಿಗೆಮ್ಮನ ಪದಗಳು' ಬಿಡುಗಡೆ. ಮೂಗುತಿಯ ಹುಡುಗಿಯಾಗಿ ಹಾಡಿದ ಮೊದಲ ಕ್ಯಾಸೆಟ್ಟಿನಿಂದ ಹಿಡಿದು ನರೆಗೂದಲಿನ ಕೊನೆಯ ವರ್ಷದವರೆಗೆ ಜನ ಬಾಯಿಪಾಠ ಮಾಡಿಕೊಂಡಿದ್ದ ಅವಳ ಹಾಡುಗಳೆಲ್ಲ ಪೆನ್‌ಡ್ರೈವಿಗೆ ಇಳಿದು ಒಂದೇ ಪೆಟ್ಟಿಗೆಯಲ್ಲಿ. ಗಚ್ಚಿಬೌಲಿಯಲ್ಲಿ ಏಳುತ್ತಿರುವ ಕಟ್ಟಡಗಳ ಮೇಲೆ ಸಿಮೆಂಟು ಹೊರುವ ಯಾದಗಿರಿ, ರಾಯಚೂರಿನ ಮಂದಿ ಈಗಲೂ ಫೋನಿನಲ್ಲಿ ಅವಳ ಪದ ಹಚ್ಚಿಕೊಂಡೇ ಕೆಲಸಕ್ಕೆ ಇಳಿಯುತ್ತಿದ್ದರು. ಶಾಂಭವಿಯ ಮಗಳು ಕಾವ್ಯಾ ತೊಟ್ಟಿಲಲ್ಲಿದ್ದಾಗ ಆ ದನಿ ಕೇಳದೆ ಕಣ್ಣು ಮುಚ್ಚುತ್ತಿರಲಿಲ್ಲ.

ಪೆಟ್ಟಿಗೆಯ ಕೊನೆಯ ಹಾಡಿನ ಮುಂದೆ ಹೀಗೆ ಅಚ್ಚು ಹಾಕಿಸಿದ್ದರು: 'ಹಿಂದೆಂದೂ ಕೇಳದ ಹಳೆಯ ಪದ.'

ನಾಳೆ ಆ ವೇದಿಕೆಯ ಮೇಲೆ ಉಮಾಶ್ರೀ ತಾಯಿಯ ಫೋಟೋಕ್ಕೆ ಹಾರ ಹಾಕಬೇಕಿತ್ತು. ವರ್ಷವಿಡೀ ಅವಳು ಆ ಫೋಟೋವನ್ನು ಗೋಡೆಗೆ ತೂಗುಹಾಕಲು ಬಿಟ್ಟಿರಲಿಲ್ಲ. ಹಾರ ಒಮ್ಮೆ ಬಿದ್ದರೆ ಮುಗಿಯಿತು, ಆಮೇಲೆ ಬಾಗಿಲು ಸದ್ದಾದಾಗ ತಿರುಗಿ ನೋಡುವ ಹಕ್ಕೂ ಹೋಗುತ್ತದೆ ಎಂದು ನಿನ್ನೆ ಶಾಂಭವಿಯ ಮುಂದೆ ಅತ್ತಿದ್ದಳು. ಅವಳ ಗಂಡ ಕಾಶಿನಾಥ ಈಗ ಗುಡಿಮಲ್ಕಾಪುರದ ಹೂವಿನ ಮಾರುಕಟ್ಟೆಯಲ್ಲಿ ಅದೇ ಹಾರ ಕಟ್ಟಿಸುತ್ತಿದ್ದ.

"ಸಣ್ಣಾಕಿ ಇದ್ದಾಗ ಬಾರಿಸಿರ್ತಿ, ಮರ್ತಿರ್ತಿ," ಎಂದರು ಆನಂದಕುಮಾರ. "ಎಷ್ಟ್ ಹಾಡಂತ ನೆನಪಿಟ್ಟಿ ಬೇಟಾ?"

ಗದಿಗೆಮ್ಮನ ಮೊದಲ ಕ್ಯಾಸೆಟ್ಟು ಹೊರಡಿಸಿದವರು, ಈ ಪೆಟ್ಟಿಗೆಯನ್ನೂ ಹೊರಡಿಸುತ್ತಿರುವವರು ಅವರೇ. ಮದರಂಗಿ ಹಚ್ಚಿದ ಕೂದಲು, ಇಸ್ತ್ರಿ ಕೆಡದ ಬಿಳಿ ಜುಬ್ಬಾ, ಸಮಾಧಾನದ ಮಾತು. ಯಾವುದೋ ಕ್ಯಾಸೆಟ್ಟಿನಲ್ಲಿ ಜಾಗ ಸಾಲದೆ ಉಳಿದುಹೋದ ಹಾಡು, ಹಳೆಯ ಟೇಪಿನ ರಾಶಿಯಲ್ಲಿ ಸಿಕ್ಕಿತು ಎಂದು ಅವರು ಬೆಳಗಿನಿಂದ ಒಂದೇ ರಾಗ ಎಳೆಯುತ್ತಿದ್ದರು. ಒಪ್ಪಬಹುದಾದ ಮಾತೇ. ಶಾಂಭವಿಗೆ ಒಪ್ಪಿಗೆಯಾಗದೆ ಇದ್ದದ್ದು ಒಂದೇ: ಅವರು ಮಾತಾಡುವಾಗ ಅಮೋಲ್ ಒಮ್ಮೆಯೂ ಅವರ ಮುಖ ನೋಡುತ್ತಿರಲಿಲ್ಲ.

ಅಮೋಲ್ ಬೀದರದವನು. ಮೀಸೆ ಹಣ್ಣಾಗುವವರೆಗೂ ಈ ಸ್ಟುಡಿಯೋದ ಯಂತ್ರಗಳ ಮುಂದೆಯೇ ಕೂತವನು.

"ದಮ್ಮಡಿ ಯಾರದು?" ಶಾಂಭವಿ ಉಮಾಶ್ರೀಯನ್ನು ಕೇಳಿದಳು.

"ಅಂಬಣ್ಣ ಮಾವಂದು. ಅದರಾಗ ಸಂಶಯ ಇಲ್ಲ. ಆದರ ಮಾವ ಹಿಂಗ ಹೊಡೀತಿದ್ದಿಲ್ರಿ. ಅವಂದು ಒಂದು ಪೆಟ್ಟಿನಂಗ ಇನ್ನೊಂದು ಇರ್ತಿದ್ದಿಲ್ಲ. ಅವ್ವ ಬೈತಿದ್ದಳು, ಏ ಅಂಬ್ಯಾ, ನಿನ್ನ ಕೈಯಾಗ ದಮ್ಮಡಿ ಐತ್ಯೋ ಗಾಳಿಪಟ ಐತ್ಯೋ ಅಂತ. ಇದು ಪ್ರತಿ ಸಲಾನೂ ಹಂಗ ಐತಿ."

ಮಾವನ ನೆನಪಿಗೆ ಅವಳ ತುಟಿಯ ತುದಿಯಲ್ಲಿ ನಗೆಯೊಂದು ಬಂದು, ನಿಲ್ಲಲಾರದೆ ಹೋಯಿತು. ಗದಿಗೆಮ್ಮನ ತಮ್ಮ ಅಂಬಣ್ಣ ಈ ಸಂಕ್ರಾಂತಿಯ ಹೊತ್ತಿಗೆ ತೀರಿಕೊಂಡಿದ್ದ. ಅಕ್ಕ ಹೋದ ಮೇಲೆ ಹಾಸಿಗೆ ಹಿಡಿದವನು ಏಳಲೇ ಇಲ್ಲ.

ಶಾಂಭವಿ ಎದ್ದು ಅಮೋಲನ ಬೆನ್ನ ಹಿಂದೆ ನಿಂತಳು. ಹಾಡನ್ನು ಪರದೆಯ ಮೇಲೆ ತೋರಿಸಲು ಹೇಳಿದಳು. ಕಪ್ಪು ಪರದೆಯ ಮೇಲೆ ಹಸಿರು ಗೆರೆಗಳು ಏರಿ ಇಳಿದು ಹರಡಿಕೊಂಡವು. ದಮ್ಮಡಿಯ ಪೆಟ್ಟು ಯಾವುದೆಂದು ಕೇಳಿ, ಒಂದೊಂದನ್ನೇ ದೊಡ್ಡದು ಮಾಡಿಸಿದಳು.

ಒಂದೇ ಆಕಾರ. ಒಂದೇ ಏರು, ಒಂದೇ ಬಾಲ. ಗೌರಿ ಹುಣ್ಣಿಮೆಗೆ ಅಚ್ಚಿನಿಂದ ತೆಗೆದ ಸಕ್ಕರೆ ಆರತಿಗಳ ಹಾಗೆ.

ಆ ಮೊನೆಗಳ ಪಕ್ಕದಲ್ಲೇ ಇನ್ನಷ್ಟು ಸಣ್ಣ ಮೊನೆಗಳು ಸಾಲಾಗಿ ನಿಂತಿದ್ದವು. ಶಾಂಭವಿ ಅವುಗಳ ಕಡೆ ಕಣ್ಣು ಹಾಯಿಸಲಿಲ್ಲ. ಆ ತಪ್ಪಿಗೆ ಆಮೇಲೆ ತನ್ನನ್ನು ತಾನೇ ಎಷ್ಟೋ ಸಲ ಬೈದುಕೊಂಡಳು.

"ಅಮೋಲ್, ಇದು ಹೊಡೆದದ್ದಲ್ಲ. ಅಂಟಿಸಿದ್ದು."

ಅಮೋಲ್ ಕುತ್ತಿಗೆ ಕೆರೆದುಕೊಂಡ. ಕಡೆಗೂ ತನ್ನ ಸಾಹೇಬ ಆನಂದಕುಮಾರರ ಮುಖ ನೋಡಿದ. ಸಾಹೇಬರು ಕೈಬೀಸಿ, ಹೇಳು ಹೇಳು, ಅದರಲ್ಲೇನು ಮುಚ್ಚುಮರೆ ಎಂದರು. ಮೂಲದಲ್ಲಿ ಆ ಜಾಗ ಖಾಲಿಯಿತ್ತು, ಹಳೆಯ ಟೇಪು ಸವೆದಿದೆ ಎಂದು ಸಾಹೇಬರು ಹೇಳಿದರು, ಅಂಬಣ್ಣನ ಬೇರೊಂದು ಹಾಡಿನಿಂದ ಒಂದು ಪೆಟ್ಟು ಕತ್ತರಿಸಿ ಎಲ್ಲ ಕಡೆ ಕೂಡಿಸಿದೆ ಎಂದು ಅವನು ಒಪ್ಪಿಕೊಂಡ.

"ಹರಿದ ಸೀರಿಗೆ ತ್ಯಾಪಿ ಹಾಕೂದಿಲ್ಲೇನ್ರಿ ಮೇಡಂ?" ಎಂದರು ಆನಂದಕುಮಾರ. "ಮಂದಿ ಕೇಳುವಾಗ ಹಾಡು ನಡುನಡುವ ನಿಂತರ ಪೆನ್‌ಡ್ರೈವ್ ಕೆಟ್ಟೈತಿ ಅಂತ ವಾಪಸ್ ತರತಾರ."

ಶಾಂಭವಿ ಉತ್ತರ ಹೇಳಬೇಕೆಂದು ತಿರುಗಿದಳು. ಕಂಡದ್ದು ಉಮಾಶ್ರೀಯ ಮುಖ.

ಆ ಮುಖದಲ್ಲಿ ರಕ್ತವಿರಲಿಲ್ಲ.

"ಖಾಲಿ ಇತ್ತೇನ್ರಿ?" ಉಮಾಶ್ರೀ ಅಮೋಲನನ್ನು ಕೇಳಿದಳು. "ಅವ್ವ ಅಲ್ಲಿ ಏಕತಾರಿ ತಂತಿ ಬೆರಳಿಲೆ ಒತ್ತಿ ಹಿಡಿದಿದ್ದಳೇನು? ಸದ್ದು ಕಡಿದಂಗ ಆಗಿತ್ತೇನು?"

ಹೌದು, ಬೇಕೆಂದೇ ಹಿಡಿದ ಹಾಗಿತ್ತು ಎಂದ ಅಮೋಲ್. ಪ್ರತಿ ಪಲ್ಲವಿಯ ಕೊನೆಗೂ ಹಾಗೆಯೇ ಇತ್ತಂತೆ.

ಉಮಾಶ್ರೀ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಆಮೇಲೆ ತುಂಡುತುಂಡಾಗಿ ಹೇಳಿದಳು. ಹೊರಗಿನವರಿಗೆ ಎಂದೂ ಹೇಳದ ಮನೆಯ ಮಾತು ಅದು.

ಅವರ ಮೇಳದಲ್ಲಿ ಒಬ್ಬೊಬ್ಬರಿಗೂ ಪಲ್ಲವಿಯ ಕೊನೆಗೆ ಒಂದೊಂದು ಜಾಗವಿತ್ತು. ದಮ್ಮಡಿಗೊಂದು, ತಾಳಕ್ಕೊಂದು. ಅಜ್ಜನ ಕಾಲದಿಂದ ಬಂದ ಕಟ್ಟಳೆ. ಯಾರಾದರೂ ಊರಿಗೆ ಹೋಗಿದ್ದರೆ, ಜ್ವರ ಬಂದು ಮಲಗಿದ್ದರೆ, ಅವರ ಪೆಟ್ಟನ್ನು ಉಳಿದವರು ಹೊಡೆಯುತ್ತಾರೆ. ಹೊಡೆಯುವವರು ಯಾರೂ ಇಲ್ಲದಿದ್ದರೆ ಹಾಡುವವಳೇ ಏಕತಾರಿ ಮೀಟಿ ಅವರ ಜಾಗ ತುಂಬುತ್ತಾಳೆ.

"ಸತ್ತವರ ಪೆಟ್ಟು ಮಾತ್ರ ಯಾರೂ ತುಂಬಂಗಿಲ್ರಿ. ವರ್ಷ ತುಂಬೂತನಕ ಖಾಲಿ ಬಿಡ್ತೀವಿ. ತಂತಿ ಒತ್ತಿ ಹಿಡಿದು, ಅವರ ಪೆಟ್ಟಿನಷ್ಟು ಹೊತ್ತು ಸುಮ್ನ ಕುಂದರ್ತೀವಿ. ಅವರು ಬಂದು ಹೊಡೆದು ಹೋಗ್ತಾರಂತ."

ಬೀದಿಯಲ್ಲಿ ಕಾರುಗಳ ಹಾರ್ನು, ಶ್ರಾವಣ ಶುಕ್ರವಾರದ ಹೂವು ಮಾರುವವರ ಕೂಗು.

ಅಂಥ ಸೂತಕದ ವರ್ಷಗಳಲ್ಲಿ ಗದಿಗೆಮ್ಮ ಸ್ಟುಡಿಯೋದ ಹೊಸ್ತಿಲು ತುಳಿಯುತ್ತಿರಲಿಲ್ಲವಂತೆ; ಮನೆಯೊಳಗೆ ಕೂತು ಹಾಡಿಕೊಳ್ಳುತ್ತಿದ್ದಳು, ಅಷ್ಟೇ. ಅದಕ್ಕೇ ಆನಂದಕುಮಾರರಂಥವರಿಗೂ ಈ ಕಟ್ಟಳೆ ತಿಳಿದಿರಲಿಲ್ಲ. ಸಂತಾಪಕ್ಕೆ ಬಿಟ್ಟ ಜಾಗವನ್ನು ಅವರು ಸವೆದ ಟೇಪು ಎಂದುಕೊಂಡರು. ಸತ್ತವನಿಗಾಗಿ ಬಿಟ್ಟ ಮೌನದಲ್ಲಿ ಸತ್ತವನದೇ ಪೆಟ್ಟು ತಂದು ತುಂಬಿದರು.

"ಮ್ಯಾಳದಾಗ ಮಾವನ ಮೊದಲು ದಮ್ಮಡಿ ಹಿಡಿದವರು ಯಾರರೆ ಇದ್ದರೇನು?" ಶಾಂಭವಿ ಮೆಲ್ಲಗೆ ಕೇಳಿದಳು.

"ಇಲ್ರಿ. ದಮ್ಮಡಿ ತಂದಾವನ ಮಾವ. ತಾಳ ತಂದಾಕಿ ನಾನು. ನಮ್ಮಿಬ್ಬರ ಮೊದಲು ಮ್ಯಾಳದಾಗ ಇದ್ದವರದೆಲ್ಲ ಬರೇ ಏಕತಾರಿ."

ಶಾಂಭವಿ ಕುರ್ಚಿಯನ್ನು ಎಳೆದು ಆನಂದಕುಮಾರರ ಎದುರಿಗೆ, ಮೊಣಕಾಲಿಗೆ ಮೊಣಕಾಲು ತಾಗುವಷ್ಟು ಹತ್ತಿರ ಕೂತಳು.

"ಆನಂದಕುಮಾರ ಅವರ, ಲೆಕ್ಕ ಸರಳ ಐತಿ. ಗದಿಗೆಮ್ಮ ಹೋದದ್ದು ಶ್ರಾವಣದಾಗ. ಅಂಬಣ್ಣ ಸತ್ತದ್ದು ಸಂಕ್ರಾಂತಿ ಮುಂದ. ಮೊದಲ ಸತ್ತಾಕಿ, ಹಿಂದಿಂದ ಸತ್ತಾವಗ ಸೂತಕ ಹ್ಯಾಂಗ ಹಿಡದ್ಲು?"

ಅವರು ಕನ್ನಡಕ ತೆಗೆದರು. ಜುಬ್ಬಾದ ಅಂಚಿನಿಂದ ಒರೆಸಿದರು. ಒರೆಸುತ್ತಲೇ ಇದ್ದರು.

"ಮೇಡಂ, ನಾ ಒಂದು ಖರೆ ಮಾತು ಹೇಳ್ತೀನಿ. ಹೊರಗ ಬಿಡಬ್ಯಾಡ್ರಿ. ಅದು ಗದಿಗೆಮ್ಮನ ಹಾಡ ಅಲ್ಲ. ಮಾದಾಪುರದ ಹುಡುಗರ ಕಡಿಂದ ಕಂಪ್ಯೂಟರಿನಾಗ ಮಾಡಿಸೀನಿ. ಹಳೇ ಹಾಡು ತಿನ್ನಿಸಿದ್ರ ಅದ ದನಿಯಾಗ ಹೊಸಾದು ಹಾಡ್ತೈತಿ. ಈಗ ಎಲ್ಲಾರೂ ಮಾಡಾಕತ್ತಾರ."

ಉಮಾಶ್ರೀ ಕಣ್ಣು ಮುಚ್ಚಿಕೊಂಡಳು. ಈಗಷ್ಟೇ ಬೆರಳಿಗೆ ತಾಕಿದ ತಾಯಿಯ ಸೆರಗನ್ನು ಯಾರೋ ಕಸಿದುಕೊಂಡ ಹಾಗಿತ್ತು ಅವಳ ಮುಖ.

ಶಾಂಭವಿ ಮಾತ್ರ ಅಲುಗಲಿಲ್ಲ. ಪೊಲೀಸ್ ಠಾಣೆಯಲ್ಲಿ ಕಲಿತ ಪಾಠವೊಂದು ಅವಳಿಗೆ ಎಂದೂ ಕೈಕೊಟ್ಟಿರಲಿಲ್ಲ: ಎರಡನೆಯ ಸುಳ್ಳು ಯಾವಾಗಲೂ ಮೊದಲನೆಯದಕ್ಕಿಂತ ಜಾಣ, ಆದರೆ ಅವಸರದ್ದು.

"ಹಳೇ ಹಾಡು ತಿನ್ನಿಸಿದ್ರಿ. ಆ ಹಾಡಿನಾಗೆಲ್ಲ ದಮ್ಮಡಿ ಐತಿ, ಹೌದಲ್ರಿ? ಖಾಲಿ ಒಂದರಾಗೂ ಇಲ್ಲ. ತಿಂದದ್ದನ್ನ ಬಿಟ್ಟು ತಿನ್ನದ್ದನ್ನ ಕಕ್ಕೂ ಯಂತ್ರ ಎಲ್ಲಿ ಸಿಕ್ಕಿತ್ರಿ ನಿಮಗ?"

ಅವಳು ಇನ್ನಷ್ಟು ಮುಂದೆ ಬಾಗಿದಳು.

"ಯಂತ್ರಕ್ಕ ಸೂತಕ ಇರ್ತೈತೇನ್ರಿ?"

ಅಮೋಲ್ ತಲೆ ತಗ್ಗಿಸಿದ. ಆನಂದಕುಮಾರರ ಕೈಯಲ್ಲಿದ್ದ ಕನ್ನಡಕ ಮಡಿಲಿಗೆ ಬಿತ್ತು, ಅವರು ಎತ್ತಿಕೊಳ್ಳಲಿಲ್ಲ. ಕನ್ನಡಕವಿಲ್ಲದ ಮುಖ ಒಮ್ಮೆಲೇ ಮುದುಕನದಾಗಿ ಕಂಡಿತು.

"ನಾ ಕೇಳಲಿಲ್ರಿ," ಎಂದರು. "ಎಲ್ಲಿಂದ ಬಂತು, ಯಾವಾಗಿಂದು, ಒಂದೂ ಕೇಳಲಿಲ್ಲ. ಕೇಳಿದ್ರ ಹಾಡು ಹೊಳ್ಳಿ ಒಯ್ತಿದ್ದರು."

ಆಮೇಲೆ ಅವರು ಹೇಳಿದ್ದನ್ನು ಶಾಂಭವಿ ನಡುವೆ ಬಾಯಿ ಹಾಕದೆ ಕೇಳಿದಳು. ಹಳೆಯ ಟೇಪು ಎಂಬುದೇ ಇರಲಿಲ್ಲ. ಈ ಬೇಸಿಗೆಯಲ್ಲಿ ಒಬ್ಬರು ಫೋನಿನಲ್ಲಿ ಆ ಹಾಡು ತಂದು ಕೇಳಿಸಿದರು. ಮನೆಯ ಅಟ್ಟದ ಮೇಲಿನ ಕ್ಯಾಸೆಟ್ಟಿನಿಂದ ಇಳಿಸಿಕೊಂಡದ್ದು ಎಂದರು. ಕ್ಯಾಸೆಟ್ಟಿನ ಸದ್ದಿಗೂ ಕೋಣೆಯಲ್ಲಿ ಫೋನು ಹಿಡಿದು ತೆಗೆದ ಸದ್ದಿಗೂ ಇರುವ ವ್ಯತ್ಯಾಸ ತಿಳಿಯದಷ್ಟು ಕಿವುಡರಲ್ಲ ಆನಂದಕುಮಾರ. ತಿಳಿದೂ ಸುಮ್ಮನಾದರು. ಗದಿಗೆಮ್ಮ ಈ ಸ್ಟುಡಿಯೋಕ್ಕೆ ಮೊದಲ ಸಲ ಬಂದಾಗ ಮೈಕಿಗೆ ಹೆದರಿ ಅಳುತ್ತ ನಿಂತಿದ್ದಳಂತೆ; ಕಣ್ಣು ಮುಚ್ಚಿ ಹಾಡು ತಂಗಿ, ಗುಡಿ ಐತಿ ಅಂದ್ಕೋ ಎಂದು ಹೇಳಿಕೊಟ್ಟವರು ಅವರು. ಆ ದನಿ ಇನ್ನೊಮ್ಮೆ ಕಿವಿಗೆ ಬಿದ್ದಾಗ, ಅದು ಎಲ್ಲಿಂದ ಬಂತೆಂದು ಕೇಳುವ ಧೈರ್ಯ ಅವರಿಗೆ ಆಗಲಿಲ್ಲ.

"ಸತ್ತಾಳ ಅಂತ ಎಲ್ಲಾರೂ ಅಂದ್ರು. ನಾನೂ ಅಂದೆ. ಅಂದ್ಕೊಂಡು ಬಿಟ್ರ ಸುಲಭ ಆಗ್ತೈತ್ರಿ."

"ತಂದುಕೊಟ್ಟವರು ಯಾರು?"

ಆನಂದಕುಮಾರ ಇಲ್ಲವೆಂದು ತಲೆಯಾಡಿಸಿದರು. ಹೆಸರು ಹೇಳುವುದಿಲ್ಲವೆಂದು ತಂದವರು ತಮ್ಮಿಂದ ದೇವರ ಫೋಟೋ ಮುಟ್ಟಿಸಿ ಮಾತು ತೆಗೆದುಕೊಂಡಿದ್ದಾರೆ. ಈ ವಯಸ್ಸಿನಲ್ಲಿ ಮಾತಿಗೆ ತಪ್ಪಲಾರೆ ಎಂದರು. ಶಾಂಭವಿ ಎರಡು ಬಗೆಯಲ್ಲಿ ಕೇಳಿದಳು, ಗದರಿಸಿಯೂ ನೋಡಿದಳು. ಅವರ ಬಾಯಿಗೆ ಬೀಗ ಬಿದ್ದಿತ್ತು.

ಅಷ್ಟರಲ್ಲಿ ಉಮಾಶ್ರೀ ಎದ್ದು ನಿಂತಿದ್ದಳು. ಯಾರು ತಂದರು, ಏಕೆ ತಂದರು ಎನ್ನುವುದು ಅವಳ ಕಿವಿಗೆ ಬಿದ್ದೇ ಇರಲಿಲ್ಲ. ಅವಳಿಗೆ ಕೇಳಿಸಿದ್ದು ಒಂದೇ.

"ಅವ್ವ ಅದಾಳ," ಎಂದಳು. ಯಾರಿಗೂ ಅಲ್ಲ, ಗೋಡೆಗೆ. "ನಮ್ಮವ್ವ ಅದಾಳ."

ವರ್ಷದಿಂದ ಕಟ್ಟಿಟ್ಟದ್ದು ಒಡೆಯಿತು. ಅವಳು ನಗುತ್ತಿದ್ದಳೋ ಅಳುತ್ತಿದ್ದಳೋ ಹೇಳುವಂತಿರಲಿಲ್ಲ. ಶಾಂಭವಿ ಅವಳನ್ನು ತಬ್ಬಿ ಹಿಡಿದಳು. ಬೆನ್ನು ಸವರುತ್ತ, ಅವಳ ಹೆಗಲ ಮೇಲಿನಿಂದ ತನ್ನ ಫೋನು ನೋಡಿದಳು. ಕಾವ್ಯಾಳ ಸಂದೇಶ ಬಂದಿತ್ತು: 'ಅವ್ವಾ, ಯಾವಾಗ ಬರ್ತಿ?'

ಅದೇ ಪ್ರಶ್ನೆಯನ್ನು ತನ್ನ ತೋಳಿನಲ್ಲಿರುವ ಈ ಹುಡುಗಿ ವರ್ಷವಿಡೀ ಯಾರಿಗೆ ಕೇಳಿದ್ದಾಳು ಎಂದುಕೊಂಡಳು ಶಾಂಭವಿ. 'ಬರ್ತೀನಿ ಪುಟ್ಟಿ, ಉಣ್ಣು,' ಎಂದು ಬರೆದು ಕಳಿಸಿದಳು.

ತಲೆ ಎತ್ತುವಷ್ಟರಲ್ಲಿ ಉಮಾಶ್ರೀ ಗಂಡನಿಗೆ ಫೋನು ಹಚ್ಚಿದ್ದಳು.

ಬೇಡವೆನ್ನಲು ಶಾಂಭವಿಗೆ ಕಾರಣವಿರಲಿಲ್ಲ. ಕಾಶಿನಾಥ ಮೆದು ಮಾತಿನ ಮನುಷ್ಯ. ಅತ್ತೆಯ ಕಾರ್ಯಕ್ರಮಗಳನ್ನೂ ಹಾಡಿನ ಹಣವನ್ನೂ ನೋಡಿಕೊಳ್ಳುತ್ತಿದ್ದವನು ಅವನೇ. ಕೆರೆಯ ದಂಡೆಯಲ್ಲಿ ಬೆಳಗಿನಿಂದ ಸಂಜೆವರೆಗೆ ನೀರು ನೋಡುತ್ತ ನಿಂತವನು. ವರ್ಷದ ಕಾರ್ಯ ಮಾಡಿಬಿಟ್ಟರೆ ಉಮಾಳ ಮನಸ್ಸು ಹಗುರಾಗುತ್ತದೆ, ಎಷ್ಟು ದಿನ ಹೀಗೆ ಬಾಗಿಲು ಕಾಯುತ್ತಾಳೆ ಮೇಡಂ ಎಂದು ಶಾಂಭವಿಯ ಎದುರೇ ಕಣ್ಣು ಒರೆಸಿಕೊಂಡವನು.

"ಏನ್ರೀ, ಹಾರ ಬ್ಯಾಡ್ರಿ," ಉಮಾಶ್ರೀ ಫೋನಿನಲ್ಲಿ ಹೇಳುತ್ತಿದ್ದಳು. "ಅಲ್ಲೇ ಬಿಟ್ಟು ಬರ್ರಿ. ಅವ್ವ ಜೀವಂತ ಅದಾಳ. ಖರೇನ. ಆ ಕೊನೀ ಹಾಡು ಐತಲ್ರಿ, ಅದನ್ನ ಮಾವ ಸತ್ತ ಮ್ಯಾಲ ಹಾಡ್ಯಾಳ. ಆಕಿನ್ನ ಹುಡುಕೂಣು ನಡ್ರಿ."

ಆ ಕಡೆಯಿಂದ ಬಂದದ್ದು ಪುಟ್ಟ ಮಾತು. ಉಮಾಶ್ರೀ ಫೋನು ಇಳಿಸಿದಾಗ ಅವಳ ಹುಬ್ಬು ಸ್ವಲ್ಪ ಗಂಟಿಕ್ಕಿತ್ತು.

ಏನಂದರು ಎಂದು ಶಾಂಭವಿ ಕೇಳಿದಳು.

"ಅಲ್ಲಿ ಯಾರ್‍ಯಾರು ಅದೀರಿ ಅಂತ ಕೇಳಿದ್ರು. ಆಮ್ಯಾಲ ಇಟ್ಟುಬಿಟ್ರು." ಅವಳು ತಾನೇ ಸಮಾಧಾನ ಹೇಳಿಕೊಂಡಳು. "ಪಾಪ, ಗಾಬರಿ ಆಗ್ಯಾರ. ಗದ್ದಲದಾಗ ನಿಂತಿರ್ತಾರ."

ಶಾಂಭವಿಯ ಮನಸ್ಸಿನಲ್ಲಿ ಏನೋ ಮುಳ್ಳಿನಂತೆ ಚುಚ್ಚಿತು. ಸತ್ತವಳು ಬದುಕಿದ್ದಾಳೆ ಎಂದರೆ ಯಾರೇ ಆಗಲಿ ಮೊದಲು ಕೇಳುವುದು ಖರೇನಾ ಎಂದು. ಆಮೇಲೆ ಎಲ್ಲಿ ಎಂದು. ಯಾರ್‍ಯಾರು ಇದ್ದೀರಿ ಎಂದು ಅಲ್ಲ. ಆದರೆ ಉಮಾಶ್ರೀಯ ಆ ಮುಖ ನೋಡಿ ಮುಳ್ಳನ್ನು ಅಲ್ಲೇ ಮುರಿದಳು.

"ಅಮೋಲಣ್ಣಾ," ಉಮಾಶ್ರೀ ಯಂತ್ರದ ಹತ್ತಿರ ಹೋದಳು, "ನೀವು ಹಾಕಿದ್ದು ತೆಗೆದು ಹಚ್ಚರಿ. ಅವ್ವ ಹಾಡಿದಂಗ ಕೇಳ್ತೀನಿ. ಮಾವನ ಜಾಗಾ ಖಾಲಿ ಇರಲಿ."

ಅಮೋಲ್ ಪರದೆಯ ಮೇಲೆ ಒಂದು ಪಟ್ಟಿಯನ್ನು ಅಳಿಸಿದ. ಹಾಡು ಮೊದಲಿನಿಂದ ಎದ್ದಿತು.

ಈ ಸಲ ಕೋಣೆಯೇ ಬೇರೆಯಾಗಿತ್ತು. ದನಿಯ ಹಿಂದೆ ದೂರದ ನಾಯಿ ಬೊಗಳಿದ್ದು, ಹಾಡುವವಳು ಉಸಿರು ಎಳೆದುಕೊಂಡಿದ್ದು, ಎಲ್ಲ ಕೇಳಿಸಿತು. ಎಲ್ಲೋ ಒಂದು ಕೋಣೆಯಲ್ಲಿ, ಯಾರೂ ಇಲ್ಲದ ಹೊತ್ತಿನಲ್ಲಿ, ಮುದುಕಿಯೊಬ್ಬಳು ತನಗೆ ತಾನೇ ಹಾಡಿಕೊಳ್ಳುತ್ತಿದ್ದಳು.

ಹಚ್ಚಿದ ಕೈ ಇನ್ನಾ ಬೆಚ್ಚಗೈತೋ ಗುರುವೇ, ಹಣತಿ ಆರಿತೋ…

ಬೆರಳು ತಂತಿಯನ್ನು ಒತ್ತಿತು. ಸದ್ದು ಕಡಿಯಿತು.

ಅಂಬಣ್ಣನ ಪೆಟ್ಟು, ಖಾಲಿ. ಉಮಾಶ್ರೀ ಕಣ್ಣು ಮುಚ್ಚಿ ತಲೆದೂಗಿದಳು. ಅವಳ ಬಲಗೈ ತನ್ನ ತಾಳಕ್ಕಾಗಿ ಮಡಿಲಿನಿಂದ ಮೇಲೆದ್ದಿತು.

ತಾಳ ಬರಲಿಲ್ಲ.

ಏಕತಾರಿಯೂ ಮೀಟಲಿಲ್ಲ. ಇನ್ನೊಂದು ಪೆಟ್ಟಿನಷ್ಟು ಮೌನ. ಆಮೇಲೆ ಹಾಡು ಎದ್ದಿತು, ಆದರೆ ಎಲ್ಲಿಂದಲೋ ಎತ್ತಿ ತಂದಂತೆ, ನಡುಗುತ್ತ.

ಉಮಾಶ್ರೀಯ ಕೈ ಗಾಳಿಯಲ್ಲಿ ಹಾಗೆಯೇ ನಿಂತಿತ್ತು.

"ನನ್ನ ತಾಳಾನೂ ತೆಗೆದ್ರೇನಣ್ಣಾ?"

"ತಾಳಾನೂ ನಾನೇ ಹಾಕಿದ್ದವ್ವಾ," ಎಂದ ಅಮೋಲ್. "ನಿನ್ನ ಹಳೇ ಹಾಡಿಂದು ಕತ್ತರಿಸಿ. ಅಲ್ಲಿ ಖಾಲಿ ಎರಡು ಇದ್ದವು."

ಅವಳಿಗೆ ಕೂಡಲೇ ತಿಳಿಯಲಿಲ್ಲ. ನಾನು ಹತ್ತಿರ ಇರಲಿಲ್ಲವಲ್ಲ, ಅದಕ್ಕೇ ಬಿಟ್ಟಿರಬೇಕು ಎಂದಳು. ಹಾಗೆಂದು ತಾನೇ ತಡೆದಳು. ದೂರ ಇದ್ದವರ ಜಾಗವನ್ನು ಅವ್ವ ಏಕತಾರಿ ಮೀಟಿ ತುಂಬಬೇಕಿತ್ತು. ಅವ್ವ ಮರೆಯುವವಳಲ್ಲ. ಪ್ರತಿ ಪಲ್ಲವಿಗೂ ಮರೆಯುವವಳಂತೂ ಅಲ್ಲ.

ಶಾಂಭವಿಗೆ ಆ ಹಾಡಿನ ಸಾಲು ಆಗ ಅರ್ಥವಾಯಿತು. ಬೆಳಗಿನಿಂದ ಅದನ್ನು ಎಲ್ಲರೂ ತತ್ವಪದವೆಂದೇ ಕೇಳಿದ್ದರು. ದೇಹ, ಜೀವ, ಗುರು ಎಂದು. ಅದು ಅಂಥದ್ದಲ್ಲ. ಹಚ್ಚಿದ ಕೈ ತಾಯಿಯದು. ಆರಿದ ಹಣತೆ ಮಗಳು.

"ಅಕ್ಕಾರ," ಉಮಾಶ್ರೀಯ ದನಿ ಬಾವಿಯ ತಳದಿಂದ ಬಂದಂತಿತ್ತು. "ಅವ್ವಗ ನಾ ಸತ್ತೀನಿ ಅಂತ ಹೇಳ್ಯಾರ."

ಅದಕ್ಕೇ ಗದಿಗೆಮ್ಮ ಬಂದಿರಲಿಲ್ಲ. ಬರಲು ಅವಳಿಗೆ ಮನೆ ಉಳಿದಿರಲಿಲ್ಲ. ತಮ್ಮ ಹೋದ ಎಂಬ ನಿಜದ ಸುದ್ದಿಯ ಜೊತೆಗೆ ಮಗಳು ಹೋದಳೆಂಬ ಸುಳ್ಳು ಸುದ್ದಿಯನ್ನು ಯಾರೋ ಅವಳ ಮಡಿಲಿಗೆ ಹಾಕಿದ್ದರು. ಇಲ್ಲಿ ಮಗಳು ತಾಯಿಯ ಫೋಟೋಕ್ಕೆ ಹಾರ ಹಾಕಲಾರದೆ ವರ್ಷ ಕಳೆದಳು. ಅಲ್ಲಿ ತಾಯಿ ಮಗಳ ಪೆಟ್ಟನ್ನು ಖಾಲಿ ಬಿಟ್ಟು ಹಾಡುತ್ತ ಕೂತಿದ್ದಳು.

ಆನಂದಕುಮಾರ ಎದ್ದರು. ಮೇಜು ಹಿಡಿದುಕೊಂಡರು.

"ಇಷ್ಟು ಗೊತ್ತಿದ್ದಿಲ್ಲವ್ವಾ ನನಗ," ಎಂದರು. "ನಿನ್ನಾಣಿ, ಇಷ್ಟು ಗೊತ್ತಿದ್ದಿಲ್ಲ. ದೇವರ ಮುಂದ ಕೊಟ್ಟ ಮಾತು ಸುಡ್ಲಿ." ಅವರು ಶಾಂಭವಿಯ ಕಡೆ ತಿರುಗಿದರು, ಉಮಾಶ್ರೀಯನ್ನು ನೋಡಿ ಹೇಳಲು ಅವರಿಂದ ಆಗಲಿಲ್ಲ. "ಹಾಡು ತಂದುಕೊಟ್ಟಾವ ಕಾಶಿನಾಥ."

ಮುರಿದಿಟ್ಟ ಮುಳ್ಳು ಶಾಂಭವಿಯ ಎದೆಯಲ್ಲಿ ಪೂರ್ತಿ ಇಳಿಯಿತು. ಗದಿಗೆಮ್ಮ ಎಲ್ಲಿದ್ದಾಳೆಂದು ಬಲ್ಲವನು ಒಬ್ಬನೇ. ಈ ಹಾಡಿನ ಗುಟ್ಟು ಒಡೆದಿದೆ ಎಂದು ಅವನಿಗೆ ಈಗ ಗೊತ್ತು. ಗೊತ್ತು ಮಾಡಿದವಳು ಅವಳ ಮಗಳೇ, ಸಂತೋಷ ತಡೆಯಲಾರದೆ.

"ಫೋನ್ ಹಚ್ಚು ಉಮಾ. ಏನೂ ಹೇಳಬ್ಯಾಡ. ಎಲ್ಲಿ ಅದೀರಿ ಅಂತಷ್ಟ ಕೇಳು."

ಉಮಾಶ್ರೀ ಒತ್ತಿದಳು. ಬೆರಳು ಜಾರಿತು, ಮತ್ತೆ ಒತ್ತಿದಳು. ಶಾಂಭವಿ ಆಗಲೇ ಬಾಗಿಲ ಹತ್ತಿರ ನಿಂತು ಚಪ್ಪಲಿ ಮೆಟ್ಟುತ್ತಿದ್ದಳು. ಎಲ್ಲಿಗೆ ಓಡಬೇಕೆಂದು ಮಾತ್ರ ಅವಳಿಗೆ ಗೊತ್ತಿರಲಿಲ್ಲ.

ಹಾಡನ್ನು ಯಾರೂ ನಿಲ್ಲಿಸಿರಲಿಲ್ಲ. ಪಲ್ಲವಿ ಮತ್ತೊಮ್ಮೆ ಮುಗಿಯಿತು. ಬೆರಳು ತಂತಿಯನ್ನು ಒತ್ತಿತು.

ಮೊದಲ ಖಾಲಿ ಅಂಬಣ್ಣನದು.

ಎರಡನೆಯ ಖಾಲಿಯಲ್ಲಿ, ಜೀವಂತ ನಿಂತಿದ್ದ ಮಗಳ ಕೈಯೊಳಗಿಂದ ಅಪರಿಚಿತ ಹೆಣ್ಣುದನಿಯೊಂದು, ನೀವು ಕರೆದ ಫೋನು ಸ್ವಿಚ್ ಆಫ್ ಆಗಿದೆ ಎಂದು ತೆಲುಗಿನಲ್ಲಿ ಹೇಳಿತು.